‘ಗಂಡಸಿಲ್ಲ’ ಎಂದು ಗುರುತು ಹಾಕಿದ ಮನೆಗಳು

ಜೂನ್ ಎಂಟು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಇದನ್ನು ಶುರು ಮಾಡುತ್ತಿರುವುದು ನಾಲ್ಕನೆಯ ಸಲ. ಮೊದಲ ಮೂರನ್ನು ಹರಿದು ಹಾಕಿದ್ದೇನೆ, ಮೂರೂ ಸಲ ಸಿಟ್ಟಿನಲ್ಲಿ.

ಸಿಟ್ಟಿಗೆ ಕಾರಣ ತುಂಬಿ ಕೊಡಬೇಕಾದ ಒಂದು ನಮೂನೆ. ಮರಾಠಿ ಸೀಮೆಯ ಶಹಾಡ್, ಕಲ್ಯಾಣದ ಕನ್ನಡದವರು ಸೇರಿ ಸ್ಮರಣ ಸಂಚಿಕೆ ತರುತ್ತಿದ್ದಾರೆ. ನಮ್ಮ ಕಡೆಯಿಂದ ಸೈನ್ಯಕ್ಕೆ ಹೋದವರ ಬಗ್ಗೆ ಒಂದೊಂದು ಪುಟ. ರಾಜು ಕಾಕಾನ ಪುಟ ನನ್ನ ಪಾಲಿಗೆ ಬಂತು, ಏಕೆಂದರೆ ಮನೆಯಲ್ಲಿ ತಾರೀಖು ಬರೆದಿಡುವವಳು ನಾನೊಬ್ಬಳೇ. ನಮೂನೆಯಲ್ಲಿ ಮೊದಲ ನಾಲ್ಕು ಸಾಲು: ಹುಟ್ಟಿದ ದಿನ, ಹುಟ್ಟಿದ ಊರು, ತಂದೆ, ತಾಯಿ. ಹುಟ್ಟಿದ ದಿನ ಜೂನ್ ಒಂದು. ಅದು ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಶಾಲೆಯ ಮಾಸ್ತರರು ಹಂಚುತ್ತಿದ್ದ ದಿನ. ಊರು ಗೊತ್ತಿಲ್ಲ. ತಂದೆಯ ಹೆಸರಿನಲ್ಲಿ ನನ್ನ ಅಜ್ಜನ ಹೆಸರಿದೆ, ಆದರೆ ಅಜ್ಜ ಅವನನ್ನು ಸಾಕಿದವನು, ಹೆತ್ತವನಲ್ಲ. ತಾಯಿಯ ಸಾಲಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ, ಒಮ್ಮೆಯೂ, ಯೋಚಿಸಿರಲಿಲ್ಲ. ಈ ಬರಹ ಆ ಸಾಲಿನ ಬಗ್ಗೆ.

ಆಗೆಲ್ಲ ನಮಗೆ ಮೇ ರಜೆ ಎಂದರೆ ಊರಲ್ಲ, ಮಾವಿನ ತೋಪಲ್ಲ. ಶಹಾಡ್ ಸ್ಟೇಷನ್ನಿನ ಹಿಂದಿನ ಎರಡು ಕೋಣೆಯ ಚಾಳು, ನಲ್ಲಿಯ ಮುಂದೆ ಕೊಡಗಳ ಸಾಲು, ಹುರಿದ ಶೇಂಗಾದ ವಾಸನೆ, ಅದರ ಮೇಲೆ ಕೊಳಚೆ ನಾಲೆಯ ವಾಸನೆ. ಆ ಎರಡನ್ನೂ ಹೊಡೆದು ಹಾಕುವ ಮೂರನೆಯ ವಾಸನೆ ಬಂತೆಂದರೆ ಕಾಕಾ ರಜೆಯ ಮೇಲೆ ಬಂದಿದ್ದಾನೆಂದು ಅರ್ಥ. ಅದು ಬೂಟ್ ಪಾಲಿಶಿನ ವಾಸನೆ. ತನ್ನ ಬೂಟಿಗಷ್ಟೇ ಹಚ್ಚಿದರೆ ನಡೆಯುತ್ತಿತ್ತು. ಅಪ್ಪನ ಚಪ್ಪಲಿಗೆ, ನನ್ನ ಶಾಲೆಯ ಬೂಟಿಗೆ, ಕೊನೆಗೆ ಪಕ್ಕದ ಮನೆಯವರು ಹೊರಗೆ ಬಿಟ್ಟಿದ್ದ ಸ್ಯಾಂಡಲಿಗೂ ಹಚ್ಚುತ್ತಿದ್ದ.

ನನಗೆ ಆಗ ಹತ್ತು ವರ್ಷ. ಕಾಕಾ ಹವಾಲ್ದಾರ್. ಅವನ ಅರವತ್ತು ದಿನದ ರಜೆಯಲ್ಲಿ ನಾನು ಐದು ಗಂಟೆಯ ನಂತರ ಎದ್ದದ್ದು ಎರಡೇ ದಿನ, ಎರಡೂ ದಿನ ಜ್ವರ ಇತ್ತು. ಉಳಿದ ಐವತ್ತೆಂಟು ದಿನವೂ ಅವನು ತಾಟಿಗೆ ಚಮಚ ಬಡಿದು ಎಬ್ಬಿಸಿದ.

“ಏ ಮುನ್ಶಿ, ಎದ್ದೇಳು. ಎರಡು ಮಿನಿಟ್ ಲೇಟ್.”

“ಕಾಕಾ, ಸೂಟಿ ಐತಿ ನನಗ.”

“ಸೂಟಿ ಸಾಲಿಗೆ. ಹಾಸಿಗಿಗೇನು ಸೂಟಿ? ಮಡಚು. ಮೂಲಿಗೆ ಮೂಲಿ ಕೂಡಬೇಕು.”

ಸದಾ ನೋಟುಪುಸ್ತಕ ಹಿಡಿದಿರುತ್ತಿದ್ದೆನೆಂದು ನನಗೆ ಮುನ್ಶಿ ಎಂದು ಹೆಸರಿಟ್ಟಿದ್ದ. ನಾವು ಅಂಗಳದಲ್ಲಿ ಲಗೋರಿ ಆಡುತ್ತಿದ್ದರೆ ಬಂದು ನಿಂತು, ಏಳು ಕಲ್ಲನ್ನೂ ಗಾತ್ರದ ಪ್ರಕಾರ ಜೋಡಿಸಿ, ಯಾರು ಎಲ್ಲಿ ನಿಲ್ಲಬೇಕೆಂದು ಸುಣ್ಣದ ಗೆರೆ ಹಾಕಿದ. ಮೂರನೆಯ ದಿನ ಚಾಳಿನ ಮಕ್ಕಳು ಲಗೋರಿಯನ್ನೇ ಬಿಟ್ಟರು. “ತುಝಾ ಕಾಕಾ ಕಧೀ ಜಾಣಾರ್?” ಎಂದು ಎಲ್ಲರೂ ನನ್ನನ್ನೇ ಕೇಳುವವರು. ನಿನ್ನ ಕಾಕಾ ಯಾವಾಗ ಹೋಗುತ್ತಾನೆ? ನನ್ನ ಪುಸ್ತಕದಲ್ಲಿ ಉತ್ತರ ಇತ್ತು. ಉಳಿದ ದಿನಗಳನ್ನು ದಿನಾ ಬೆಳಿಗ್ಗೆ ಬರೆಯುತ್ತಿದ್ದೆ.

ಅಜ್ಜಿಯನ್ನು ನಾವು ಆಯಿ ಎನ್ನುತ್ತೇವೆ. ಬಿಜಾಪುರದ ಕಡೆಯವರು ನಾವು, ಅಲ್ಲಿ ಹಾಗೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಹೀಗಾಗಿ ಶಾಲೆಯಲ್ಲಿ ಪಾಠ ಮಾಡುವ ಬಾಯಿ ಒಬ್ಬರು, “ನಿನ್ನ ಆಯಿಗೆ ಇಷ್ಟು ವಯಸ್ಸಾಗಿದೆಯೇ?” ಎಂದು ಕೇಳಿ ಮರುಕಪಟ್ಟಿದ್ದರು. ಮನೆಗೆ ಬಂದು ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಕಾ ಎಲ್ಲರಿಗಿಂತ ಹೆಚ್ಚು ನಕ್ಕ. ಒಂದು ಊರಿನ ಅಜ್ಜಿ ಇನ್ನೊಂದು ಊರಿನಲ್ಲಿ ತಾಯಿಯಾಗುತ್ತಾಳೆ ಎಂಬುದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಪ್ರಯೋಜನವಾಗಲಿಲ್ಲ.

ಕಾಕಾನ ಮೊದಲ ಕಥೆ ನನಗೆ ಬಾಯಿಪಾಠ. ಕಲ್ಯಾಣ ಸ್ಟೇಷನ್ನಿನ ಬಾಕಿನ ಮೇಲೆ ಒಂದು ಕೂಸು ಒಂಟಿಯಾಗಿ ಕೂತಿತ್ತು. ಹಲ್ಲು ನೋಡಿ ನಾಲ್ಕು ವರ್ಷ ಇರಬಹುದೆಂದರು. ಮಕ್ಕಳ ಆಶ್ರಮಕ್ಕೆ ಸೇರಿಸಿದರು, ರಾಜು ಎಂದು ಹೆಸರಿಟ್ಟರು. ಅದರ ಮಾತು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಒಂದು ಮನೆಯವರು ಸಾಕಲು ಒಯ್ದು ಐದು ತಿಂಗಳಿಗೆ ವಾಪಸು ತಂದುಬಿಟ್ಟರು, ಮಾತೇ ಆಡುವುದಿಲ್ಲ ಎಂದು. ಆಗ ಆಶ್ರಮ ನೋಡಿಕೊಳ್ಳುವ ಬಾಯಿಗೆ, ಅಲ್ಲಿಗೆ ಶೇಂಗಾ ಮಾರಲು ಬರುತ್ತಿದ್ದ ನಮ್ಮ ಆಯಿಯ ನೆನಪಾಯಿತು.

“‘ಮದ್ರಾಸಿ ಪೋರ್ಗಾ ಐತಿ, ನೀವೂ ಮದ್ರಾಸಿ, ನೀವ ಸಾಕ್ರಿ’ ಅಂದ್ಲು ಆಕಿ,” ಎಂದು ಆಯಿ ಪ್ರತಿ ಸಲವೂ ಅಲ್ಲಿ ನಿಲ್ಲಿಸಿ ಕೈ ಆಡಿಸುತ್ತಿದ್ದಳು. “ನಾ ಅಂದೆ, ನಾವು ಮದ್ರಾಸಿ ಅಲ್ಲವಾ ತಾಯಿ, ಬಿಜಾಪುರದವರು. ಆಕಿ ಅಂದ್ಲು, ಎಲ್ಲಾ ಒಂದ.”

ಎಲ್ಲಾ ಒಂದ. ಈ ಎರಡು ಪದದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಹೀಗೆ ಕಾಕಾ ನಮ್ಮ ಮನೆಗೆ ಬಂದ. ದತ್ತು ಅಲ್ಲ, ಸಾಕುವ ಕಾಗದ, ಅದೂ ವರ್ಷಕ್ಕೊಮ್ಮೆ ಹೊಸದಾಗಬೇಕು. ವರ್ಷಕ್ಕೊಮ್ಮೆ ಒಬ್ಬ ಬಾಯಿ ಬಂದು ಹುಡುಗನ ಹಾಸಿಗೆ ನೋಡುತ್ತಿದ್ದಳು, ಬಟ್ಟೆ ನೋಡುತ್ತಿದ್ದಳು, ತಲೆಯಲ್ಲಿ ಹೇನು ನೋಡುತ್ತಿದ್ದಳು. ಆಕೆ ಬರುವ ವಾರದುದ್ದಕ್ಕೂ ಆರು ವರ್ಷದ ಕೂಸು ತನ್ನ ಚಾದರವನ್ನು ಮೂಲೆಗೆ ಮೂಲೆ ಕೂಡಿಸಿ ಮಡಚಿ, ಅದರ ಮೇಲೆ ಕೂರದೆ ಪಕ್ಕದಲ್ಲಿ ನಿಂತಿರುತ್ತಿತ್ತಂತೆ. ಮಡಚುವುದನ್ನು ಅವನಿಗೆ ಸೈನ್ಯ ಕಲಿಸಿತೆಂದು ನಾನು ಬಹಳ ವರ್ಷ ತಿಳಿದಿದ್ದೆ. ಹದಿನೆಂಟಕ್ಕೆ ಸಾಕುವ ಕಾಗದ ಮುಗಿಯಿತು. ಮುಗಿದ ತಿಂಗಳೇ ಸೈನ್ಯದ ಭರ್ತಿಯ ಸಾಲಿನಲ್ಲಿ ನಿಂತು ಬಂದ. ಬಂದವನು ಅಜ್ಜನ ಮುಂದೆ ತಲೆ ತಗ್ಗಿಸಿ, “ತಂದಿ ಹೆಸರು ಕೇಳಿದ್ರು. ನಿಮ್ಮ ಹೆಸರು ಬರಸೀನ್ರಿ. ತಪ್ಪಾತೇನು?” ಎಂದನಂತೆ. ಅಜ್ಜ ಪೇಪರಿನಿಂದ ಕಣ್ಣು ಎತ್ತದೆ, “ಇಷ್ಟು ದಿನ ಬೇಕಾತೇನಲೇ ನಿನಗ?” ಎಂದನಂತೆ.

ಆದರೂ ಕಾಕಾನಿಗೆ ಹೆತ್ತ ಅಪ್ಪ ಬೇಕಿತ್ತು. ಮದುವೆಯ ಮಾತು ಬಂದಾಗೆಲ್ಲ, “ಮೊದಲ ಅಪ್ಪ ಸಿಗಲಿ. ಹೆಣ್ಣಿನವರು ಯಾರ ಮಗ ಅಂದ್ರ ಏನ್ ಹೇಳ್ಲಿ?” ಎಂದು ಏಳುತ್ತಿದ್ದ. ಹುಡುಕಲು ಅವನ ಹತ್ತಿರ ಇದ್ದದ್ದು ಎರಡೇ ಸುಳಿವು. ಕೂಸಾಗಿದ್ದಾಗ ಅವನು ‘ತುರ್ಭೆ’ ಎಂಬ ಊರಿನ ಹೆಸರು ಹೇಳುತ್ತಿದ್ದ. ಮತ್ತು ‘ಅಪ್ಪ ಬರ್ತಾನ’ ಎಂದು ಅಳುತ್ತಿದ್ದ. ಎರಡನ್ನೂ ನೆನಪಿಟ್ಟುಕೊಂಡವಳು ಆಯಿ. ಅವನಿಗೆ ಸ್ವತಃ ಏನೂ ನೆನಪಿರಲಿಲ್ಲ. ನಮ್ಮ ಮನೆಗೆ ಬಂದ ವರ್ಷದೊಳಗೆ ಬಿಜಾಪುರದ ಮಾತು, ಮರಾಠಿ ಎರಡನ್ನೂ ಕಲಿತು, ತಂದಿದ್ದ ಮಾತನ್ನು ಪೂರ್ತಿ ಮರೆತಿದ್ದ.

ಆ ಮೇ ತಿಂಗಳು ಅವನು ಹುಡುಕಾಟಕ್ಕೆ ನನ್ನನ್ನೂ ಭರ್ತಿ ಮಾಡಿಕೊಂಡ. “ಹಿಂದಿನ ಸಲ ಯಾವ ಮನೀಗೆ ಹೋಗಿದ್ದೆ, ಯಾವುದಕ್ಕಿಲ್ಲ, ಒಂದೂ ನೆನಪಿಲ್ಲ. ಮುನ್ಶಿ ಬೇಕು ನನಗ,” ಎಂದ. ನನಗೆ ಹೆಮ್ಮೆಯಾಯಿತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಹೊಸ ನೋಟುಪುಸ್ತಕ ತೆಗೆದು, ಮೊದಲ ಪುಟದಲ್ಲಿ ‘ಸುಳಿವು’ ಎಂದು ಬರೆದು, ರೊಟ್ಟಿ ಬಡಿಯುತ್ತಿದ್ದ ಆಯಿಯ ಮುಂದೆ ಕೂತೆ.

“ಆಯಿ, ಕಾಕಾ ಆವಾಗ ಏನಂತಿದ್ದ? ಖರೇ ಶಬ್ದ ಹೇಳು.”

“ಹೇಳೀನಲ್ಲ. ಅಪ್ಪ ಬರ್ತಾನ ಅಂತಿತ್ತು.”

“ಅದು ನಮ್ಮ ಮಾತು. ಆವಾಗ ಅವಗ ನಮ್ಮ ಮಾತು ಬರ್ತಿದ್ದಿಲ್ಲ ಅಂದಿ. ಖರೇ ಶಬ್ದ ಬೇಕು, ರೆಕಾರ್ಡಿಗೆ.”

“ನಿನ್ನ ರೆಕಾರ್ಡಿಗೆ ಬೆಂಕಿ ಹಚ್ಚಲಿ,” ಎಂದು ಆಯಿ ರೊಟ್ಟಿ ತಿರುವಿ ಹಾಕಿದಳು. ಆಮೇಲೆ ಕೈ ನಿಲ್ಲಿಸಿ, ಕಣ್ಣು ಮುಚ್ಚಿ, ಕೂಸಿನ ದನಿಯಲ್ಲೇ ಹೇಳಿದಳು: “‘ಅಪ್ಪೆ ಬರ್ಪೆರ್, ಅಪ್ಪೆ ಬರ್ಪೆರ್.’ ಹಿಂಗ. ನಾಲಗಿ ಹೊಳ್ಳತಿದ್ದಿಲ್ಲ ಪಾಪ, ಸಣ್ಣದು.”

ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತು ನನ್ನ ಮೇಲೆ ನನಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ. ಆ ವರ್ಷ ನಾಲ್ಕನೆಯ ಇಯತ್ತೆಯಲ್ಲಿ ಶುದ್ಧಬರಹಕ್ಕೆ ನನಗೆ ಮೊದಲ ಬಹುಮಾನ ಬಂದಿತ್ತು. ನೋಟುಪುಸ್ತಕದ ಮೊದಲ ಪುಟದಲ್ಲೇ ಎರಡು ತಪ್ಪು ಇರುವುದು ಸಹನೆಯಾಗಲಿಲ್ಲ. ಕೆಂಪು ಪೆನ್ನು ತಂದು, ಎರಡೂ ಪದ ಹೊಡೆದು ಹಾಕಿ, ಮೇಲೆ ದುಂಡಗೆ ಬರೆದೆ: ಅಪ್ಪ ಬರುತ್ತಾರೆ.

ಒಂಬತ್ತು ಸಲ ಹೋದೆವು. ಶಹಾಡಿನಿಂದ ಠಾಣೆ, ಠಾಣೆಯಿಂದ ತುರ್ಭೆ. ಹೋಗುವಾಗ ಕಾಕಾ ನನಗೆ ಕಿಟಕಿ ಕೊಡುತ್ತಿದ್ದ, ಬರುವಾಗ ವಡಾಪಾವ್. ತುರ್ಭೆಯ ಕಾರ್ಖಾನೆಗಳ ಬೆನ್ನಿಗೆ ಹಬ್ಬಿದ ಬಸ್ತಿಯಲ್ಲಿ ಒಂದೊಂದು ಸಾಲು ಹಿಡಿದು ನಡೆಯುತ್ತಿದ್ದೆವು. ತಗಡಿನ ಮಾಡು, ಬಿಸಿ, ಮೆಣಸಿನಕಾಯಿ ಚೀಲದ ಘಾಟು. ಬಾಗಿಲು ಬಡಿದು ಕಾಕಾ ಕವಾಯತಿನ ‘ಸಾವಧಾನ್’ ಭಂಗಿಯಲ್ಲಿ ನೆಟ್ಟಗೆ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದ: “ಘರ್ ಮೇ ಕೋಈ ಬುಜುರ್ಗ್ ಆದ್ಮೀ ಹೈ?” ಮನೆಯಲ್ಲಿ ವಯಸ್ಸಾದ ಗಂಡಸರು ಇದ್ದಾರೆಯೇ? ಇದ್ದರೆ ಒಳಗೆ ಹೋಗಿ, ಮೂವತ್ತೊಂದು ವರ್ಷದ ಹಿಂದೆ ಮಗ ಕಳೆದಿದ್ದನೇ ಎಂದು ವಿಚಾರಿಸುವುದು. ಪುಸ್ತಕದಲ್ಲಿ ಮೂರು ಕಾಲಂ ಅವನೇ ಹಾಕಿಸಿದ್ದ: ‘ಇದ್ದಾನೆ, ಅವನಲ್ಲ’, ‘ಬೀಗ’, ‘ಗಂಡಸಿಲ್ಲ’.

“ಬೀಗ ಇದ್ರ ಮತ್ತ ಬರೋದು,” ಎಂದು ನಿಯಮ ಹೇಳಿದ. “ಗಂಡಸಿಲ್ಲ ಅಂದ್ರ ಮುಗೀತು. ಕ್ರಾಸ್ ಹಾಕು, ಮುಂದ ನಡಿ.”

ಐದನೆಯ ಸಲ, ಮೇ ಇಪ್ಪತ್ತು, ನೂರಾ ಹನ್ನೆರಡನೆಯ ಮನೆ. ಎಣ್ಣೆಡಬ್ಬಿಯಲ್ಲಿ ತುಳಸಿ. ಬಾಗಿಲಿಗೆ ಬಂದವಳು ಐವತ್ತೈದು ಅರವತ್ತರ ಹೆಂಗಸು. ಕಾಕಾ ಪ್ರಶ್ನೆ ಕೇಳುವ ಮೊದಲೇ ನನ್ನ ಕೆಂಪಾದ ಮುಖ ನೋಡಿ ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಬೆಲ್ಲದ ಚೂರು, ಎರಡು ಲೋಟ ನೀರು ತಂದಳು. ಕಾಕಾ ಎಲ್ಲಿಯೂ ಏನೂ ಮುಟ್ಟುವವನಲ್ಲ. ಅಲ್ಲಿ ಬೆಲ್ಲ ಕಚ್ಚಿ, ನೀರು ಕುಡಿದು, ಲೋಟ ಕೆಳಗಿಟ್ಟು ಕೇಳಿದ.

“ಆದ್ಮೀ ನಹೀ ಹೈ,” ಎಂದಳು ಅವಳು. “ಕ್ಯೋಂ ಬೇಟಾ? ಕಿಸ್‌ಕೋ ಢೂಂಢ್ತಾ ಹೈ?” ಯಾರನ್ನು ಹುಡುಕುತ್ತಿದ್ದೀಯ?

“ಕುಛ್ ನಹೀ, ಮಾಜೀ. ಶುಕ್ರಿಯಾ.” ಕಾಕಾ ಕೈ ಮುಗಿದು ತಿರುಗಿದ.

ಅವಳು ಬಾಗಿಲಲ್ಲೇ ನಿಂತಿದ್ದಳು. ನನಗೆ ಇನ್ನೊಂದು ಚೂರು ಬೆಲ್ಲ ಬೇಕಿತ್ತು, ಅದಕ್ಕೇ ಎರಡು ಸಲ ಹಿಂತಿರುಗಿ ನೋಡಿದೆ. ಎರಡು ಸಲವೂ ನಿಂತೇ ಇದ್ದಳು. ‘೧೧೨. ಬೆಲ್ಲ ಮತ್ತು ನೀರು. ಗಂಡಸಿಲ್ಲ. ×’ ಎಂದು ಬರೆದು ಮುಂದೆ ನಡೆದೆ.

ರಜೆ ಮುಗಿಯುವ ಹೊತ್ತಿಗೆ ಇನ್ನೂರಾ ಹದಿನಾಲ್ಕು ಮನೆ ಆಗಿತ್ತು. ‘ಇದ್ದಾನೆ, ಅವನಲ್ಲ’ ನೂರಾ ಮೂವತ್ತೊಂದು. ‘ಬೀಗ’ ನಲವತ್ತೆರಡು. ‘ಗಂಡಸಿಲ್ಲ’ ನಲವತ್ತೊಂದು. ಕಲ್ಯಾಣದಲ್ಲಿ ರೈಲು ಹತ್ತುವಾಗ ಕಾಕಾ ನೋಟುಪುಸ್ತಕ ನನ್ನ ಕೈಗೇ ಕೊಟ್ಟು, “ಜತನ ಮಾಡು, ಮುನ್ಶಿ. ಬೀಗದ ನಲವತ್ತೆರಡು ಬಾಕಿ ಅದಾವ,” ಎಂದ. ಅವನು ಹೋದ ಮರುದಿನ ಬೆಳಿಗ್ಗೆ ಎಂಟರ ತನಕ ಮಲಗುವ ನಿರ್ಧಾರ ಮಾಡಿದ್ದೆ. ಐದಕ್ಕೆ ಎಚ್ಚರವಾಯಿತು. ಅದರ ಸಿಟ್ಟನ್ನೂ ಬರೆದಿದ್ದೇನೆ.

ಮುಂದಿನ ರಜೆಗಳಲ್ಲಿ ಆ ನಲವತ್ತೆರಡನ್ನೂ ಅವನೊಬ್ಬನೇ ಮುಗಿಸಿದ. ಅಪ್ಪ ಸಿಗಲಿಲ್ಲ. ಮದುವೆಯಾಗಲಿಲ್ಲ. ಇಪ್ಪತ್ತಾರು ವರ್ಷ ನೌಕರಿ ಮಾಡಿ ಸುಬೇದಾರನಾಗಿ ನಿವೃತ್ತನಾದ. ನಿವೃತ್ತಿಯ ಮೇಲೆ ಶಹಾಡಿನ ಅದೇ ಕೋಣೆಗೆ ಬಂದು, ಆಯಿಯ ಹಾಸಿಗೆಯನ್ನೂ ಮಡಚಿ ಅವಳಿಂದ ಬೈಸಿಕೊಳ್ಳುತ್ತಿದ್ದ. ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಎದೆನೋವೆಂದು ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಹೋಗುವ ಮೊದಲು ಚಾದರ ಮಡಚಿಟ್ಟಿದ್ದ. ಮೂಲೆಗೆ ಮೂಲೆ.

ನಾನೀಗ ನೆರೂಳಿನಲ್ಲಿ ಕೆಲಸದ ಸಲುವಾಗಿ ಕೋಣೆ ಹಿಡಿದಿದ್ದೇನೆ. ಜೊತೆಗೆ ಪ್ರತಿಮಾ ಎಂಬ ಗೆಳತಿ. ಅವಳ ತಂದೆತಾಯಿ ಉಡುಪಿಯವರು, ಅವಳು ಹುಟ್ಟಿದ್ದು ಇಲ್ಲೇ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು. ಕಳೆದ ತಿಂಗಳು ನಮೂನೆ ತುಂಬಲೆಂದು ಹಳೆಯ ನೋಟುಪುಸ್ತಕ ತೆಗೆದು, ಅವಳು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಗಟ್ಟಿಯಾಗಿ ಓದುತ್ತಿದ್ದೆ. ಕೆಂಪು ಗೆರೆಯ ಕೆಳಗಿದ್ದುದನ್ನೂ ತಮಾಷೆಗೆಂದು ಓದಿದೆ: “ಅಪ್ಪೆ ಬರ್ಪೆರ್. ನೋಡು, ಅಪ್ಪ ಅನ್ನಲಿಕ್ಕೂ ಬರ್ತಿರಲಿಲ್ಲ ನಮ್ಮ ಕಾಕಾಗೆ.”

ಪ್ರತಿಮಾಳ ಕೈ ತಲೆಯ ಮೇಲೆಯೇ ನಿಂತಿತು. “ಫಿರ್ ಸೇ ಬೋಲ್.”

ಮತ್ತೆ ಓದಿದೆ.

“ಅರೇ ಪಾಗಲ್, ಅಪ್ಪೆ ಮತಲಬ್ ಮಮ್ಮಿ! ಯೇ ತೋ ತುಳು ಹೈ. ಮಮ್ಮಿ ಆಯೇಗೀ ಬೋಲ್ ರಹಾ ಥಾ ವೋ.” ಅಮ್ಮ ಬರುತ್ತಾಳೆ ಎನ್ನುತ್ತಿತ್ತಂತೆ ಆ ಕೂಸು.

ನಾನು ನಂಬಲಿಲ್ಲ. ಅವಳು ಅಲ್ಲೇ ತಾಯಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು.

“ಹೌದಲ್ಲ ಮಾರಾಯ್ತಿ,” ಎಂದರು ಅವರು. “ಅಪ್ಪೆ ಅಂದ್ರೆ ಅಮ್ಮ. ಅಪ್ಪನಿಗೆ ನಾವು ಅಮ್ಮೆ ಅನ್ನುದು. ನಿಮ್ಮಲ್ಲಿ ಯಾರಿಗೂ ಗೊತ್ತಿರ್ಲಿಲ್ವಾ?”

ಇಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಕಾ ಉಡುಪಿಯವರ ಹೋಟೆಲುಗಳಲ್ಲಿ ಎಷ್ಟು ಸಾವಿರ ಇಡ್ಲಿ ತಿಂದಿರಬಹುದು? ಗಲ್ಲಾಪೆಟ್ಟಿಗೆಯ ಮುಂದೆ ಕೂತ ಯಾರಿಗಾದರೂ ಈ ಎರಡು ಪದ ಕೇಳಿಸಿದ್ದರೆ ಸಾಕಿತ್ತು. ಆದರೆ ಆಯಿ ಯಾವಾಗಲೂ ಬಿಜಾಪುರದ ಮಾತಿಗೆ ತಿರುಗಿಸಿಯೇ ಹೇಳಿದಳು. ಒಂದೇ ಒಂದು ಸಲ ಇದ್ದ ಹಾಗೆ ಹೇಳಿದಾಗ, ತಿದ್ದಿದವಳು ನಾನು.

ಬೆಲ್ಲ ನೀರಿನ ಬಗ್ಗೆಯೂ ಅವರನ್ನು ಕೇಳಿದೆ. “ನಮ್ಮಲ್ಲಿ ಯಾರು ಬಂದ್ರೂ ಮೊದಲು ಬೆಲ್ಲ ನೀರು,” ಎಂದರು. ನಾನು ೧೧೨ನೆಯ ಮನೆಯ ಪುಟ ತೆಗೆದೆ. ಮನೆಗೆ ಫೋನ್ ಮಾಡಿ ಅವ್ವನಿಗೆ ಹೇಳಿದರೆ, “ಗುಳ-ಪಾಣಿ ಮರಾಠಿಯವರೂ ಕೊಡ್ತಾರ. ಏನೇನರ ಗಂಟ ಹಾಕಬ್ಯಾಡ,” ಎಂದಳು. ಅದೂ ನಿಜ. ಮೂರು ಭಾನುವಾರ ತುರ್ಭೆಗೆ ಹೋಗಿ ಬಂದೆ. ಆ ಸಾಲು ಈಗಿಲ್ಲ. ಅಲ್ಲಿ ಗೋದಾಮಿನ ಗೋಡೆ ಇದೆ. ಗೋಡೆಯ ಪಕ್ಕದ ಚಹಾದವನಿಗೆ ಹಳಬರು ಎಲ್ಲಿ ಹೋದರೆಂದು ತಿಳಿಯದು.

ಆಯಿಗೆ ಹೇಳಬೇಕೋ ಬೇಡವೋ ಎಂದು ಹನ್ನೊಂದು ದಿನ ಯೋಚಿಸಿದೆ. ಹೇಳಿದೆ. ಅವಳಿಗೆ ಈಗ ಎಂಬತ್ತು. ಶೇಂಗಾ ಸುಲಿಯುತ್ತಿದ್ದಳು.

“ಆಯಿ, ಅಪ್ಪೆ ಅಂದ್ರ ಅವ್ವ ಅಂತ. ತುಳು ಮಾತಿನ್ಯಾಗ.”

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಸುಲಿಯುತ್ತಲೇ ಸಿಡುಕಿದಳು. “ಪುಸ್ತಕದಾಗ ಬರಕೊಂಡಿದ್ದಿ. ಇಷ್ಟು ವರ್ಷ ಯಾರಿಗರ ತೋರಸಬಾರದಿತ್ತೇನು?”

“ನೀನರ ಇಷ್ಟು ವರ್ಷ ಅದ ಶಬ್ದ ಹೇಳಬಾರದಿತ್ತೇನು?”

“ನನಗೇನು ಗೊತ್ತವಾ.” ಒಂದು ಶೇಂಗಾ ಒಡೆದು, ಕಾಳು ತೆಗೆಯದೆ ಹಾಗೇ ಹಿಡಿದುಕೊಂಡಳು. “ಬಂದ ಹೊಸದಾಗ ನನ್ನ ಸೆರಗ ಹಿಡಕೊಂಡು, ನನ್ನ ಮಾರಿ ನೋಡಿ ‘ಅಪ್ಪೆ, ಅಪ್ಪೆ’ ಅಂತಿತ್ತು. ನಾ ಏನಂತಿದ್ದೆ? ‘ಅಪ್ಪ ಇಲ್ಲೋ, ಅಪ್ಪ ಕೆಲಸಕ್ಕ ಹೋಗ್ಯಾನ, ನಾ ಅವ್ವ ಅದೀನಿ, ಅವ್ವ ಅನ್ನು’ ಅಂತ ದಿನಾ ಕಲಿಸಿದೆ. ಕಲಿತ ಮ್ಯಾಲ ಅಪ್ಪೆ ಅನ್ನೂದು ಬಿಟ್ಟುಬಿಡ್ತು.”

ಇದನ್ನು ನಾನು ಆಗ ಬರೆದುಕೊಳ್ಳಲಿಲ್ಲ, ಇಲ್ಲಿ ನೆನಪಿನಿಂದ ಬರೆದಿದ್ದೇನೆ.

ಈಗ ಬೆಳಿಗ್ಗೆ ಹನ್ನೊಂದೂ ಕಾಲು. ಕಳೆದುಹೋದದ್ದನ್ನು ಎಣಿಸಿದರೆ: ಚಾಳು ಬಿದ್ದು ಕಟ್ಟಡವಾಗಿದೆ, ಲಗೋರಿಯ ಅಂಗಳದಲ್ಲಿ ಸ್ಕೂಟರುಗಳು ನಿಲ್ಲುತ್ತವೆ, ಐದು ಗಂಟೆಗೆ ತಾಟು ಬಡಿಯುವವರಿಲ್ಲ. ಅವೆಲ್ಲ ಎಲ್ಲರ ಮನೆಯಲ್ಲೂ ಹೋಗುವಂಥವು. ನಮ್ಮ ಮನೆಯಲ್ಲಿ ಹೋದದ್ದು ನಲವತ್ತೊಂದು ಬಾಗಿಲು. ಒಬ್ಬ ಮಗ ಎದುರಿಗೆ ನಿಂತು, ಮನೆಯಲ್ಲಿ ಗಂಡಸರಿಲ್ಲ ಎಂಬ ಕಾರಣಕ್ಕೆ ಕೈ ಮುಗಿದು ತಿರುಗಿ ಹೋದ ಬಾಗಿಲುಗಳು. ಅವುಗಳಲ್ಲಿ ಒಂದರ ಹಿಂದೆಯೂ ಅವನ ತಾಯಿ ಇಲ್ಲದೆ ಇರಬಹುದು. ಆದರೆ ನಾವು ಕೇಳಲೇ ಇಲ್ಲ.

ಅದಕ್ಕೆ ಓದುವವರಲ್ಲಿ ಕೇಳಿಕೊಳ್ಳುತ್ತೇನೆ. ಸುಮಾರು ನಲವತ್ತೇಳು ವರ್ಷದ ಹಿಂದೆ ತುರ್ಭೆಯಲ್ಲಿದ್ದು, ತುಳು ಮಾತಾಡುತ್ತಿದ್ದ, ನಾಲ್ಕು ವರ್ಷದ ಮಗನನ್ನು ಕಲ್ಯಾಣದಲ್ಲಿ ಕಳೆದುಕೊಂಡ ಅಥವಾ ಬಿಟ್ಟುಹೋಗಬೇಕಾಗಿ ಬಂದ ಹೆಂಗಸಿನ ಬಗ್ಗೆ ನಿಮ್ಮ ಮನೆಯ ಹಿರಿಯರು ಏನಾದರೂ ಹೇಳಿದ್ದರೆ, ದಯವಿಟ್ಟು ಸಂಚಿಕೆಯ ಸಂಪಾದಕರ ಮೂಲಕ ನನಗೆ ಬರೆಯಿರಿ. ಅವರಿಗೆ ಈಗ ಎಪ್ಪತ್ತರ ಮೇಲಾಗಿರಬೇಕು. ಯಾಕೆ ಬಿಟ್ಟರೆಂದು ಯಾರೂ ಕೇಳುವುದಿಲ್ಲ. ಹುಡುಗ ಓದಿದ, ಸುಬೇದಾರನಾದ, ಅವನಿಗೆ ಎರಡು ಹೊತ್ತು ರೊಟ್ಟಿ ಬಡಿದು ಹಾಕಿದ ಅವ್ವ ಒಬ್ಬಳಿದ್ದಳು ಎಂದಷ್ಟೇ ಹೇಳಬೇಕಾಗಿದೆ. ಕೇಳಿಸಿಕೊಂಡದ್ದನ್ನು ಯಾವ ಭಾಷೆಯಲ್ಲಿ ಕೇಳಿದಿರೋ ಆ ಭಾಷೆಯಲ್ಲೇ, ಆ ಪದಗಳಲ್ಲೇ ಬರೆಯಿರಿ. ನಾನು ತಿದ್ದುವುದಿಲ್ಲ.